ಕ್ಲೌಡ್ ಗಣಕ ವ್ಯವಸ್ಥೆ ಮತ್ತು ರೈತರ ದಾಖಲೆಗಳು

(ಕುಲಗೋಡದಲ್ಲಿ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭಾ ಮತ್ತು ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ಪಟ್ಟಣದೊಳಗೆ ನೀರು ನುಗ್ಗಿದ್ದನ್ನು ಈ ಭಾಗದವರು ಯಾರೂ ಮರೆತಿಲ್ಲ. ಅಂಥ ಹೊತ್ತಿನಲ್ಲಿ ಮನುಷ್ಯ ಮೊದಲು ಮಕ್ಕಳು ಮರಿಗಳನ್ನು, ದನಕರುಗಳನ್ನು ನೋಡುತ್ತಾನೆ. ಟ್ರಂಕಿನಲ್ಲಿರುವ ಕಾಗದಪತ್ರಗಳ ನೆನಪು ಬರುವುದು ನೀರು ಇಳಿದ ಮೇಲೆ. ಆಗ ಪರಿಹಾರದ ಅರ್ಜಿಗೆ ಉತಾರ ಬೇಕು, ಪಾಸ್‌ಬುಕ್ ಬೇಕು, ಆಧಾರ್ ಬೇಕು. ನೆನೆದು ಮುದ್ದೆಯಾದ ಉತಾರದ ಬದಲಿಗೆ ಇನ್ನೊಂದು ಪ್ರತಿ ತೆಗೆಸಲು ಇಂದು ಕಷ್ಟವಿಲ್ಲ. ಅದರ ಮೂಲ ಮನೆಯ ಟ್ರಂಕಿನಲ್ಲೂ ಇಲ್ಲ, ಚಾವಡಿಯ ಕಪಾಟಿನಲ್ಲೂ ಇಲ್ಲ, ದೂರದ ಗಣಕಯಂತ್ರಗಳಲ್ಲಿದೆ. ಕ್ಲೌಡ್ ಕಂಪ್ಯೂಟಿಂಗ್ ಎಂದು ಈಗ ಎಲ್ಲ ಕಡೆ ಕೇಳಿಬರುವ ಮಾತಿನ ತಿರುಳು ಇದೇ.

ಕ್ಲೌಡ್ ಎಂದರೆ ಮೋಡ. ಹೆಸರು ಕೇಳಿ ಅದು ಆಕಾಶದಲ್ಲಿರುವ ವಸ್ತುವೆಂದು ತಿಳಿದವರುಂಟು. ಇಂಜಿನಿಯರರು ತಮ್ಮ ನಕ್ಷೆಗಳಲ್ಲಿ ದೂರದ ಜಾಲವನ್ನು ಮೋಡದ ಚಿತ್ರ ಬರೆದು ತೋರಿಸುತ್ತಿದ್ದರು; ಹೆಸರು ಹಾಗೇ ಉಳಿಯಿತು. ನಿಜದಲ್ಲಿ ಅದು ನೆಲದ ಮೇಲಿನ ಕಟ್ಟಡ. ಒಳಗೆ ಸಾಲುಸಾಲಾಗಿ ಗಣಕಯಂತ್ರಗಳು, ಅವು ಕಾಯದಂತೆ ತಂಪು ಗಾಳಿ, ಕರೆಂಟು ಹೋದರೆ ಜನರೇಟರು, ಹಗಲು ರಾತ್ರಿ ಕಾವಲು. ಇಂಥ ಕಟ್ಟಡಗಳು ಮುಂಬಯಿಯಲ್ಲಿವೆ, ಪುಣೆಯಲ್ಲಿವೆ. ಪುಣೆಯೆಂದರೆ ಇಲ್ಲಿಂದ ಒಂದು ರಾತ್ರಿಯ ಬಸ್ ಪ್ರಯಾಣ, ಅಷ್ಟೇ.

ಉತಾರದ ಕಥೆಯನ್ನೇ ನೋಡೋಣ. ಮೊದಲು ಅದು ತಲಾಠಿಯ ಕೈಬರಹದ ದಫ್ತರದಲ್ಲಿತ್ತು. ತಲಾಠಿ ಊರಲ್ಲಿದ್ದರೆ ಉತಾರ, ಇಲ್ಲದಿದ್ದರೆ ಇಲ್ಲ. ‘ಭೂಮಿ’ ಯೋಜನೆಯಲ್ಲಿ 2002ರ ಸುಮಾರಿಗೆ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಗಣಕೀಕರಣಗೊಂಡವು. ಆದರೆ ಆರಂಭದಲ್ಲಿ ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕು ಕಚೇರಿಯ ಗಣಕದಲ್ಲೇ ಇರುತ್ತಿತ್ತು. ಮೂಡಲಗಿ ಆಗಿನ್ನೂ ತಾಲ್ಲೂಕಾಗಿರಲಿಲ್ಲ. ಕುಲಗೋಡದ ರೈತರು ಗೋಕಾಕದ ಸಾಲಿನಲ್ಲೇ ನಿಲ್ಲಬೇಕಿತ್ತು. ಮುಂದೆ ತಾಲ್ಲೂಕುಗಳ ದಾಖಲೆಯನ್ನೆಲ್ಲ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಜೋಡಿಸಿದ ಮೇಲೆ ಯಾವ ಊರಿನ ಉತಾರವನ್ನು ಯಾವ ಊರಿನಲ್ಲಾದರೂ ತೆಗೆಸಲು ಬಂತು. ಇದು ಸರಕಾರದ ಸ್ವಂತ ಕೇಂದ್ರ. ಬಾಡಿಗೆಯ ಕ್ಲೌಡ್ ಅಲ್ಲ. ಆದರೂ ದಾಖಲೆ ಒಂದೆಡೆ, ಬಳಸುವವನು ಇನ್ನೊಂದೆಡೆ, ನಡುವೆ ಜಾಲ ಎಂಬ ಕ್ರಮ ಅದೇ.

ಬಾಡಿಗೆಯ ಮಾತು ಕೃಷಿ ಯಂತ್ರಧಾರೆ ಕೇಂದ್ರ ಕಂಡ ರೈತರಿಗೆ ಬೇಗ ತಿಳಿಯುತ್ತದೆ. ವರ್ಷದಲ್ಲಿ ನಾಲ್ಕು ದಿನ ಬೇಕಾಗುವ ರೋಟವೇಟರಿಗೆ ಲಕ್ಷಗಟ್ಟಲೆ ಹಣ ಹೂಡುವ ಬದಲು ತಾಸಿಗಿಷ್ಟು ಎಂದು ಕೊಟ್ಟು ತರುವುದು ಲೇಸು. ಗಣಕದ ಶಕ್ತಿಯನ್ನೂ ಹೀಗೆಯೇ ಬಾಡಿಗೆಗೆ ಕೊಡುವ ವ್ಯಾಪಾರವನ್ನು ಅಮೆಝಾನ್ ಕಂಪನಿ 2006ರಲ್ಲಿ ಆರಂಭಿಸಿತು, ಉಳಿದವರು ಹಿಂಬಾಲಿಸಿದರು. ಬೆಲ್ಲದ ವ್ಯಾಪಾರಿಗೆ ಹಂಗಾಮಿನಲ್ಲಿ ಲೆಕ್ಕ ಹೆಚ್ಚು, ಉಳಿದ ತಿಂಗಳು ಕಡಿಮೆ. ಬಳಸಿದಷ್ಟಕ್ಕೆ ಬಾಡಿಗೆ ಕೊಡುವ ಕರಾರಿದ್ದರೆ ಅವನಿಗೆ ಲಾಭ. ಯಂತ್ರ ಕೆಟ್ಟರೆ ರಿಪೇರಿಯ ತಲೆನೋವೂ ಅವನದಲ್ಲ. ಆದರೆ ಸೇರುವ ಮುನ್ನ ಅವನು ಒಂದು ಪ್ರಶ್ನೆ ಕೇಳಲೇಬೇಕು: ನಾಳೆ ಬಾಡಿಗೆ ನಿಲ್ಲಿಸಿದರೆ ಇಷ್ಟು ವರ್ಷದ ಖಾತೆಯನ್ನು ಯಾವ ರೂಪದಲ್ಲಿ, ಎಷ್ಟು ದಿನದೊಳಗೆ ಹಿಂದಕ್ಕೆ ಕೊಡುತ್ತೀರಿ? ಇದಕ್ಕೆ ನೇರ ಉತ್ತರ ಸಿಗದ ಕಡೆ ಲೆಕ್ಕ ಇಡಬಾರದು.

ಸಹಕಾರಿ ಸಂಘಗಳಿಗೂ ಈ ಪದ್ಧತಿ ಬಂದಿದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಿ, ಕ್ಲೌಡಿನಲ್ಲಿರುವ ಒಂದೇ ತಂತ್ರಾಂಶದಲ್ಲಿ ಲೆಕ್ಕ ಇಡಿಸುವ ಯೋಜನೆಗೆ ಕೇಂದ್ರ ಸರಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಮೊದಲ ಸಂಘ ಹುಟ್ಟಿದಂದಿನಿಂದ ಖಾತೆಪುಸ್ತಕವನ್ನು ನಂಬಿ ನಡೆದ ವ್ಯವಸ್ಥೆಗೆ ಇದು ಸಣ್ಣ ಬದಲಾವಣೆಯಲ್ಲ. ಸಾಲದ ಕಂತು ತುಂಬಿದ ದಿನವೇ ಅದು ಮೇಲಿನ ಬ್ಯಾಂಕಿಗೂ ಕಾಣಬೇಕೆಂಬುದು ಉದ್ದೇಶ. ಆದರೂ ಸದಸ್ಯರು ಕಂತಿನ ರಸೀದಿಯನ್ನು ಕೇಳಿ ಪಡೆಯುವುದನ್ನು ಬಿಡಬಾರದು. ಗಣಕದಲ್ಲಿ ಒತ್ತಿದ್ದು ಸರಿಯಿತ್ತೇ ಇಲ್ಲವೇ ಎಂಬುದಕ್ಕೆ ರೈತನ ಕೈಯಲ್ಲಿರುವ ಸಾಕ್ಷಿ ಅದೊಂದೇ.

ದಾಖಲೆ ಭದ್ರವಾಗಿರುವುದೂ ದಾಖಲೆ ಸರಿಯಾಗಿರುವುದೂ ಬೇರೆ ಬೇರೆ. ಬೆಳೆ ಸಮೀಕ್ಷೆಯಲ್ಲಿ ಕಬ್ಬಿನ ಹೊಲ ಗೋವಿನಜೋಳವೆಂದು ದಾಖಲಾದರೆ ಕ್ಲೌಡ್ ಆ ತಪ್ಪನ್ನೂ ಅಷ್ಟೇ ಜೋಪಾನವಾಗಿ ಕಾಪಾಡುತ್ತದೆ. ಬೆಳೆ ವಿಮೆ, ಬೆಂಬಲ ಬೆಲೆ, ಬೆಳೆಹಾನಿ ಪರಿಹಾರ ಎಲ್ಲವೂ ಆ ದಾಖಲೆಯನ್ನೇ ನೋಡುತ್ತವೆ. ತಮ್ಮ ಹೊಲಕ್ಕೆ ಯಾವ ಬೆಳೆ ಬರೆದಿದೆ ಎಂಬುದನ್ನು ರೈತರು ಬೆಳೆ ದರ್ಶಕ ಆ್ಯಪಿನಲ್ಲಿ ನೋಡಿ, ತಪ್ಪಿದ್ದರೆ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಬಹುದು. ವಿಸ್ತರಣಾ ಕಾರ್ಯಕರ್ತರು ಪ್ರತಿ ಹಂಗಾಮಿನಲ್ಲೂ ಇದನ್ನು ನೆನಪಿಸುವುದು ಅಗತ್ಯ.

ಕ್ಲೌಡಿನ ಕಟ್ಟಡಕ್ಕೂ ಅಪಾಯವಿಲ್ಲದಿಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಕಂಪನಿಯ ಇಂಥದೊಂದು ಕಟ್ಟಡ ಬೆಂಕಿಗೆ ಆಹುತಿಯಾಯಿತು. ಬೇರೆ ಊರಿನಲ್ಲಿ ಇನ್ನೊಂದು ಪ್ರತಿ ಇಟ್ಟಿದ್ದವರು ಉಳಿದುಕೊಂಡರು. ಇಡದ ಹಲವರು ಎಲ್ಲ ಕಳೆದುಕೊಂಡರು. ಶ್ರೀಕೃಷ್ಣ ಪಾರಿಜಾತದ ತಮ್ಮಣ್ಣನ ಊರಾದ ಕುಲಗೋಡದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮೇಳದಲ್ಲಿ ಪದ ಒಬ್ಬರ ಬಾಯಲ್ಲೇ ಇರುವುದಿಲ್ಲ; ಪಾತ್ರಧಾರಿ ಮರೆತರೆ ಹಿಮ್ಮೇಳದವರು ಎತ್ತಿಕೊಡುತ್ತಾರೆ. ಮನೆಯ ಮುಖ್ಯ ಪತ್ರಗಳ ಪ್ರತಿಯೂ ಹಾಗೆ ಕಡಿಮೆಯೆಂದರೆ ಎರಡು ಕಡೆ ಇರಬೇಕು.

ಇನ್ನು ಜಾಲದ ಮಾತು. ಹಿಡಕಲ್ ಜಲಾಶಯದ 51 ಟಿ.ಎಂ.ಸಿ. ತುಂಬಿದ್ದರೂ ಕಾಲುವೆ ಒಡೆದರೆ ಕೊನೆಯ ಹೊಲಕ್ಕೆ ನೀರಿಲ್ಲ. ಸಿಗ್ನಲ್ ಸಿಗದ ತೋಟದ ಮನೆಯಲ್ಲಿ ಕ್ಲೌಡಿನ ಸ್ಥಿತಿಯೂ ಅದೇ. ಕಚೇರಿಗೆ ಹೋಗುವ ದಿನ ಬೇಕಾದ ಪತ್ರವನ್ನು ಹಿಂದಿನ ದಿನವೇ ಫೋನಿಗೆ ಇಳಿಸಿಕೊಳ್ಳಬೇಕು. ಕಾಗದದ ಪ್ರತಿಯೊಂದು ಜೇಬಿನಲ್ಲಿದ್ದರೆ ಇನ್ನೂ ಒಳ್ಳೆಯದು.

ಎಲ್ಲಕ್ಕಿಂತ ಹೆಚ್ಚು ನಷ್ಟವಾಗುವುದು ಮಾತ್ರ ಬೆಂಕಿಯಿಂದಲೂ ಅಲ್ಲ, ನೀರಿನಿಂದಲೂ ಅಲ್ಲ, ಕೀಲಿ ಕಳೆದುಕೊಂಡು. ಹೊಸ ಫೋನ್ ಕೊಂಡಾಗ ಅಂಗಡಿಯ ಹುಡುಗನೇ ಗೂಗಲ್ ಖಾತೆ ತೆರೆದು ಕೊಡುತ್ತಾನೆ. ಗುಪ್ತಪದ ಅವನಿಗೆ ಗೊತ್ತು, ಯಜಮಾನನಿಗೆ ಗೊತ್ತಿಲ್ಲ. ಕೆಲವು ಮನೆಗಳಲ್ಲಿ ಖಾತೆ ಇರುವುದು ಊರು ಬಿಟ್ಟ ಮಗನ ನಂಬರಿನ ಮೇಲೆ. ಫೋನ್ ಕೆಟ್ಟ ದಿನ ಎಲ್ಲವೂ ಕ್ಲೌಡಿನಲ್ಲಿ ಸುರಕ್ಷಿತವಾಗಿಯೇ ಇರುತ್ತದೆ, ಯಜಮಾನನಿಗೆ ಮಾತ್ರ ಸಿಗುವುದಿಲ್ಲ. 2015ರಲ್ಲಿ ಆರಂಭವಾದ ಸರಕಾರದ ಡಿಜಿಲಾಕರಿಗೂ ಬಾಗಿಲು ಆಧಾರಿಗೆ ಜೋಡಿಸಿದ ಮೊಬೈಲ್ ನಂಬರೇ. ರೀಚಾರ್ಜ್ ಮಾಡದೆ ಬಿಟ್ಟ ನಂಬರು ಕೆಲವು ತಿಂಗಳಲ್ಲಿ ಬೇರೊಬ್ಬರ ಪಾಲಾಗಬಹುದು. ಆದ್ದರಿಂದ ನಂಬರು ಬದಲಿಸುವ ಮೊದಲು ಆಧಾರ್, ಬ್ಯಾಂಕ್ ಮತ್ತು ಫ್ರೂಟ್ಸ್ ನೋಂದಣಿಯಲ್ಲಿ ತಿದ್ದಿಸಬೇಕು. ಫೋನಿಗೆ ಬರುವ ಓಟಿಪಿಯನ್ನು ಕರೆ ಮಾಡಿ ಕೇಳಿದವರಿಗೆ, ಅವರು ಯಾವ ಇಲಾಖೆಯ ಹೆಸರು ಹೇಳಿದರೂ, ಕೊಡಬಾರದು.

ಫೋಟೋಗಳ ವಿಷಯದಲ್ಲೂ ತಪ್ಪು ತಿಳುವಳಿಕೆ ಇದೆ. ಗೂಗಲ್ ಉಚಿತವಾಗಿ ಕೊಡುವ 15 ಜಿ.ಬಿ. ಜಾಗ ಪತ್ರ, ಕಡತ, ಫೋಟೋ ಎಲ್ಲಕ್ಕೂ ಸೇರಿ. ಅದು ತುಂಬಿದರೆ ಹೊಸ ಫೋಟೋ ಮೇಲಕ್ಕೆ ಹೋಗುವುದಿಲ್ಲ. ಫೋನಿನಲ್ಲಿ ಜಾಗ ಮಾಡಲು ಗೂಗಲ್ ಫೋಟೋಸಿನಲ್ಲಿ ಚಿತ್ರ ಅಳಿಸಿದರೆ ಕ್ಲೌಡಿನ ಪ್ರತಿಯೂ ಅಳಿಯುತ್ತದೆ. 60 ದಿನ ಕಸದ ಬುಟ್ಟಿಯಲ್ಲಿದ್ದು ಆಮೇಲೆ ಇಲ್ಲವಾಗುತ್ತದೆ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನೇ ಕಂಪನಿ ತೆಗೆದುಹಾಕಬಹುದು.

ಹಳೆಯ ಫೋನ್ ಮಾರುವ ಮುನ್ನ ಖಾತೆಯ ಹೆಸರು ಮತ್ತು ಗುಪ್ತಪದವನ್ನು ಮನೆಯ ನೋಟುಪುಸ್ತಕದಲ್ಲಿ ಬರೆದಿಟ್ಟು, ಹೊಸ ಫೋನಿನಲ್ಲಿ ಅದೇ ಖಾತೆ ತೆರೆದು, ಹಳೆಯ ಪತ್ರಗಳು ಕಾಣುತ್ತವೆಯೇ ಎಂದು ನೋಡಬೇಕು. ಕಂಡ ಮೇಲೆಯೇ ಹಳೆಯದನ್ನು ಪೂರ್ತಿ ಅಳಿಸಿ ಕೈದಾಟಿಸಬೇಕು.