ಹಳಿ ಕಿತ್ತ ನಗರ

ಮೋಟಾರಿನ ನಗರವೆಂದೊಡನೆ ನೆನಪಾಗುವುದು ಅಮೆರಿಕದ ಲಾಸ್ ಏಂಜಲೀಸ್. ಆ ಊರು ಹುಟ್ಟಿದ್ದೇ ಮೋಟಾರಿಗಾಗಿ ಎಂದು ನಂಬಿದವರು ಬಹಳ ಮಂದಿ. ಇತಿಹಾಸ ಹೇಳುವುದು ಬೇರೆ. 1920ರ ದಶಕದಲ್ಲಿ ಪೆಸಿಫಿಕ್ ಎಲೆಕ್ಟ್ರಿಕ್ ಕಂಪೆನಿಯ ಕೆಂಪು ಟ್ರಾಮುಗಳು ಅಲ್ಲಿ 1,000 ಮೈಲಿಗೂ ಮಿಕ್ಕಿದ ಹಳಿಗಳ ಮೇಲೆ ಓಡುತ್ತಿದ್ದವು. ದೂರದ ಬಡಾವಣೆಗಳು ಬೆಳೆದದ್ದೂ ಆ ಹಳಿಗಳ ಗುಂಟವೇ. (ಕಂಪೆನಿಯನ್ನು ಕಟ್ಟಿದ ಹೆನ್ರಿ ಹಂಟಿಂಗ್ಟನ್ ನಿವೇಶನಗಳ ವ್ಯಾಪಾರಿಯೂ ಆಗಿದ್ದನೆನ್ನಿ!) ಮೋಟಾರುಗಳು ಅದೇ ಬೀದಿಗಿಳಿದಾಗ ಟ್ರಾಮಿನ ವೇಗ ಕುಗ್ಗಿತು, ವೇಗ ಕುಗ್ಗಿದಂತೆ ಪ್ರಯಾಣಿಕರೂ ಮೋಟಾರು ಕೊಂಡರು. 1961ರಲ್ಲಿ, ಲಾಂಗ್ ಬೀಚಿಗೆ ಹೋಗುತ್ತಿದ್ದ ಕೆಂಪು ಗಾಡಿಗಳ ಕೊನೆಯ ಮಾರ್ಗವೂ ನಿಂತಿತು. ಇದನ್ನು ಜನರ ಸ್ವಭಾವವೆನ್ನುವ ವಾದ ನನಗೆ ಒಪ್ಪಿಗೆಯಿಲ್ಲ.

ಮರುವರ್ಷವೇ ಜಪಾನು ಒಂದು ಕಾನೂನು ಮಾಡಿತು: ಕಾರು ಕೊಳ್ಳುವವನು ಅದನ್ನು ನಿಲ್ಲಿಸಲು ಬೀದಿಯ ಹೊರಗೆ ಜಾಗವಿದೆಯೆಂದು ತೋರಿಸಬೇಕು. ಟೋಕಿಯೋದಂಥ ಇಕ್ಕಟ್ಟಿನ ನಗರದಲ್ಲಿ ಇದು ಸಾಮಾನ್ಯ ನಿರ್ಬಂಧವಲ್ಲ. ಬೀದಿ ಎಲ್ಲರದು, ನನ್ನ ಗಾಡಿಯ ಕೊಟ್ಟಿಗೆಯಲ್ಲ ಎಂಬುದು ಅದರ ತಾತ್ಪರ್ಯ. ಇದೊಂದೇ ಕಾರಣವೆನ್ನಲಾರೆ, ರೈಲುಗಳನ್ನೂ ಅವರು ಉಳಿಸಿ ಬೆಳೆಸಿದರು.

ಅತ್ತ ಲಾಸ್ ಏಂಜಲೀಸ್ 1990ರಲ್ಲಿ ಲಾಂಗ್ ಬೀಚಿಗೆ ಮತ್ತೆ ವಿದ್ಯುತ್ ರೈಲನ್ನು ಓಡಿಸಿತು, ಬಹುಪಾಲು ಆ ಹಳೆಯ ಹಾದಿಯಲ್ಲೇ.