ಸ್ವರ್ಣಕಮಲವೂ ನಮ್ಮ ಹಲಗಿಯೂ

(ರಾಯಬಾಗದಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು. ಹೆಚ್ಚು ತಿದ್ದದೆ ಬರೆದುಕೊಟ್ಟಿದ್ದೇವೆ.)

ಗೆಳೆಯರೆ,

ಸಿನೆಮಾ ಬಗ್ಗೆ ಮಾತಾಡ್ರಿ ಅಂತ ನೀವು ಕರೆದಿರಿ. ದಾರಿಯಲ್ಲಿ ಸಿಕ್ಕ ಹಿರಿಯರೊಬ್ಬರು ಕೇಳಿದರು: "ಸ್ಕಾಲರ್‌ಶಿಪ್ಪಿನ ಮಾತು, ಭೂಮಿ ಮಾತು ಬಿಟ್ಟು ಸಿನೆಮಾ ಯಾಕಪಾ?" ಅವರು ಕೇಳಿದ್ದು ತಪ್ಪಲ್ಲ. ಆದರೆ ನಮ್ಮ ಟ್ರಂಕಿನ ಮುಚ್ಚಳ ತೆಗೆದು ನೋಡ್ರಿ. ಬಾಬಾಸಾಹೇಬರ ಫೋಟೋದ ಪಕ್ಕ ಒಬ್ಬ ಹೀರೋ ಇದ್ದೇ ಇರ್ತಾನೆ. ನಮ್ಮ ಕಟಿಂಗು, ನಮ್ಮ ನಡಿಗೆ, ಹುಡುಗಿಗೆ ನಾವು ಆಡುವ ಮಾತು ಎಲ್ಲಾ ಅವನು ಕಲಿಸಿದ್ದು. ಇಷ್ಟು ಒಳಗೆ ಬಂದು ಕೂತವನನ್ನು "ನೀ ಯಾರ ಪೈಕಿ?" ಎಂದು ಕೇಳುವುದು ಬೇಡವೇ?

ನಾವೂ ಸಿನೆಮಾ ಹುಚ್ಚರೇ. ನಮ್ಮ ಅಪ್ಪಂದಿರು ಟೂರಿಂಗ್ ಟಾಕೀಸಿನ ನೆಲದ ಟಿಕೆಟಿನವರು. ಹಗಲೆಲ್ಲಾ ಕಬ್ಬು ಕಡಿದು ರಾತ್ರಿ ಎರಡನೇ ಆಟಕ್ಕೆ ನಡೆದುಹೋಗಿ ರಾಜಕುಮಾರರನ್ನು ನೋಡಿ ಬಂದವರು. ಗಾಜನೂರು ಕಡೆಯ, ಶಾಲೆ ಹೆಚ್ಚು ಕಾಣದ ನಾಟಕ ಕಂಪನಿಯ ಹುಡುಗ 1954ರಲ್ಲಿ 'ಬೇಡರ ಕಣ್ಣಪ್ಪ' ಆದರು. 1995ರ ಫಾಲ್ಕೆ ಪ್ರಶಸ್ತಿಯ ತನಕ ಬೆಳೆದರು. ದೇವರಿಗೆ ಮಾಂಸದ ಎಡೆ ಇಟ್ಟ ಆ ಬೇಡ ನಮ್ಮ ಅಪ್ಪಂದಿರಿಗೆ ಹತ್ತಿರದವನು ಅನಿಸಿದ್ದು ಸುಮ್ಮನೆ ಅಲ್ಲ.

ಈಗ ಪ್ರಶಸ್ತಿಯ ಮಾತು. 1970ರ ದಶಕದಲ್ಲಿ ದೇಶದ ಅತ್ಯುತ್ತಮ ಚಿತ್ರ ಎಂಬ ಪ್ರಶಸ್ತಿ ಮೂರು ಸಲ ಕನ್ನಡಕ್ಕೆ ಬಂತು. 1970ರ 'ಸಂಸ್ಕಾರ', 1975ರ 'ಚೋಮನ ದುಡಿ', 1977ರ 'ಘಟಶ್ರಾದ್ಧ'. ಎಣಿಸಿ ನೋಡ್ರಿ: ಎರಡು ಅಗ್ರಹಾರದ ಕಥೆ, ಒಂದು ಕೇರಿಯ ಕಥೆ.

'ಸಂಸ್ಕಾರ' ಸಣ್ಣ ಚಿತ್ರ ಅಂತ ನಾವು ಹೇಳೋದಿಲ್ಲ. ಸೆನ್ಸಾರಿನವರು ಮೊದಲು ಅದನ್ನು ತಡೆದರು. ಅಗ್ರಹಾರಕ್ಕೆ ಬಿಸಿ ಮುಟ್ಟಿಸಿದ ಚಿತ್ರ ಅದು. ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿ ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಹೋದರು. ಅಸ್ತಮಾದಿಂದ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಅಂಥ ನಟಿಗೆ ನಾವು ತಲೆ ಬಾಗಬೇಕು. ಆದರೂ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಒಬ್ಬ ಬ್ರಾಹ್ಮಣನ ಹೆಣಕ್ಕೆ ಯಾರು ಸಂಸ್ಕಾರ ಮಾಡಬೇಕೆಂದು ಇಡೀ ಕಾದಂಬರಿ ತಲೆ ಕೆಡಿಸಿಕೊಳ್ಳುತ್ತದೆ. ಅದೇ ಕಾದಂಬರಿಯಲ್ಲಿ ಕೇರಿಯವರೂ ಸಾಯುತ್ತಾರೆ. ಅವರ ಹೆಣವನ್ನು ಗುಡಿಸಲ ಸಮೇತ ಸುಡುತ್ತಾರೆ. ಅದಕ್ಕೆ ಕೆಲವೇ ಸಾಲು ಸಾಕಾಗುತ್ತದೆ.

'ಚೋಮನ ದುಡಿ' ನಮ್ಮದು. ಶಿವರಾಮ ಕಾರಂತರ 1933ರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ. ಸ್ವರ್ಣಕಮಲದ ಜೊತೆಗೆ ಚೋಮನಾದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ, ಕಥೆಗೆ ಶಿವರಾಮ ಕಾರಂತರಿಗೆ ಪ್ರಶಸ್ತಿ. ನಾವು ಹಾಸ್ಟೆಲ್ಲಿನಲ್ಲಿದ್ದಾಗ ಒಂದು ರಾತ್ರಿ ಗುಂಪಾಗಿ ಕೂತು ಇದನ್ನು ನೋಡಿದೆವು. ಚೋಮನ ಮಗ ನೀರಿನಲ್ಲಿ ಮುಳುಗುತ್ತಾನೆ. ದಡದಲ್ಲಿ ಜನ ಇದ್ದಾರೆ, ಮುಟ್ಟಿದರೆ ಮೈಲಿಗೆ. ಅಲ್ಲಿಗೆ ನಮ್ಮೊಳಗೊಬ್ಬ ಎದ್ದು ಹೊರಗೆ ಹೋದ. ಹೋಗಿ ಕೇಳಿದರೆ, "ಇದನ್ನ ನೋಡಾಕ ಇಲ್ಲಿ ತನಕ ಬರಬೇಕಿತ್ತೇನೋ? ನಮ್ಮೂರ ಬಾವಿ ದಂಡಿ ಮ್ಯಾಲ ದಿನಾ ನೋಡ್ತಿದ್ದೆ" ಅಂದ. ಇನ್ನೊಬ್ಬ ಜಗಳಕ್ಕೆ ನಿಂತ: "ನಿನಗ ಗೊತ್ತದ. ದಿಲ್ಲಿಯವರಿಗೆ ಯಾರು ತೋರಸ್ಬೇಕು?" ಆ ರಾತ್ರಿ ಎರಡು ಗಂಟೆ ತನಕ ವಾದ ಮಾಡಿದೆವು. ಇವತ್ತಿಗೂ ನಮಗೆ ಇಬ್ಬರೂ ಸರಿ ಅನಿಸುತ್ತಾರೆ.

1972ರಲ್ಲಿ 'ಬಂಗಾರದ ಮನುಷ್ಯ' ಬಂತು. ರಾಜೀವ ಹಳ್ಳಿಗೆ ಬಂದು ಬರಡು ನೆಲ ಹಸನು ಮಾಡಿದ, ನಾಡೇ ಚಪ್ಪಾಳೆ ತಟ್ಟಿತು. ಮೂರು ವರ್ಷದ ನಂತರ ಬಂದ ಚೋಮನ ಹತ್ತಿರ ಎತ್ತಿವೆ, ರಟ್ಟೆಯಲ್ಲಿ ಬಲ ಇದೆ, ಉಳಲು ನೆಲ ಮಾತ್ರ ಇಲ್ಲ. ಅವನ ಜಾತಿಯವನು ಒಕ್ಕಲು ಆಗಕೂಡದು. 1974ರ ತಿದ್ದುಪಡಿ ಉಳುವವನೇ ಹೊಲದೊಡೆಯ ಎಂದಿತು. ಗೇಣಿ ಮಾಡುತ್ತಿದ್ದವರಿಗೆ ನೆಲ ಸಿಕ್ಕಿತು. ಗೇಣಿಗೂ ನೆಲ ಸಿಗದೆ ಕೂಲಿಯಾಗಿಯೇ ಉಳಿದ ಚೋಮನಿಗೆ? ಅವನು ದುಡಿ ಬಡಿಯುತ್ತಾ ಬಡಿಯುತ್ತಾ ಸಾಯುತ್ತಾನೆ. ಸಾಯುವ ಚೋಮನಿಗೆ ದೇಶ ಅಳುತ್ತದೆ, ಪ್ರಶಸ್ತಿ ಕೊಡುತ್ತದೆ. ಬದುಕಿರುವ ಚೋಮ ಬಂದು "ನನ್ನ ಪಾಲು ಕೊಡ್ರಿ" ಅಂದರೆ ಅದೇ ಕಣ್ಣು ಕೆಂಪಾಗುತ್ತದೆ. ಪ್ರಶಸ್ತಿಯ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಕಣ್ಣೀರನ್ನು ನ್ಯಾಯ ಎಂದು ತಿಳಿಯಬಾರದು.

ನಮ್ಮವರು ತೆರೆಯ ಮೇಲೆ ಬಂದರೆ ಏನಾಗುತ್ತಿತ್ತು? ಕೇರಳದ ಪಿ.ಕೆ. ರೋಸಿಯನ್ನು ನೆನೆಯಿರಿ. ಮಲಯಾಳದ ಮೊದಲ ಚಿತ್ರ 'ವಿಗತಕುಮಾರನ್'ದ ನಾಯಕಿ, ದಲಿತ ಹೆಣ್ಣುಮಗಳು. ನಾಯರ್ ಹೆಣ್ಣಿನ ಪಾತ್ರ ಮಾಡಿದಳು ಅನ್ನೋದೇ ಅಪರಾಧವಾಯಿತು. ಮೇಲ್ಜಾತಿಯವರು ರೇಗಿ ಬಿದ್ದರು, ಆಕೆ ಊರು ಬಿಟ್ಟು ಓಡಿಹೋಗಬೇಕಾಯಿತು. ಮತ್ತೆ ಸಿನೆಮಾ ಮಾಡಲಿಲ್ಲ. ಆ ಚಿತ್ರದ ನಿರ್ದೇಶಕ ಜೆ.ಸಿ. ಡೇನಿಯಲ್ ಹೆಸರಲ್ಲಿ ಕೇರಳ ಸರ್ಕಾರ ದೊಡ್ಡ ಪ್ರಶಸ್ತಿ ಕೊಡುತ್ತದೆ. ರೋಸಿಯ ಹೆಸರು ಮಾತ್ರ ಬಹಳ ಕಾಲ ಯಾರ ಬಾಯಲ್ಲೂ ಇರಲಿಲ್ಲ.

ಇನ್ನು ನಮ್ಮ ಮಗ್ಗಲಿನ ಸುದ್ದಿ. ನಮ್ಮ ರಾಯಬಾಗ ಒಂದು ಕಾಲಕ್ಕೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. 1902ರಲ್ಲಿ ಶಾಹೂ ಮಹಾರಾಜರು ಹಿಂದುಳಿದವರಿಗೆ ನೌಕರಿಯಲ್ಲಿ ಅರ್ಧ ಪಾಲು ಇಟ್ಟ ಸಂಸ್ಥಾನ ಅದು. 1929ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಹುಟ್ಟಿದ್ದೂ ಅದೇ ಕೊಲ್ಲಾಪುರದಲ್ಲಿ. ಅಂದಮೇಲೆ ಸಿನೆಮಾ ನಮಗೆ ದೂರದ ಊರಿನದಲ್ಲ. ಅಲ್ಲಿಂದ ಆಚೆ ಸೊಲ್ಲಾಪುರ ಜಿಲ್ಲೆಯ ಕರಮಾಳಾ ತಾಲೂಕಿನ ನಾಗರಾಜ ಮಂಜುಳೆ, ಕಲ್ಲು ಒಡೆಯುವ ವಡ್ಡರ ಸಮಾಜದಿಂದ ಬಂದವರು, 2013ರಲ್ಲಿ 'ಫಂಡ್ರಿ' ಮಾಡಿದರು. ಕೈಕಾಡಿ ಮಾತಿನಲ್ಲಿ ಫಂಡ್ರಿ ಅಂದರೆ ಹಂದಿ. ಮೊದಲ ಚಿತ್ರಕ್ಕೇ ರಾಷ್ಟ್ರಪ್ರಶಸ್ತಿ. ಅದರ ಹುಡುಗ ಜಬ್ಯಾ ಆದವನು ಸೋಮನಾಥ ಅವಘಡೆ. ಅವನು ಊರಲ್ಲಿ ಹಲಗಿ ಬಡಿಯುತ್ತಿದ್ದಾಗ ಮಂಜುಳೆ ಕಣ್ಣಿಗೆ ಬಿದ್ದವನು. ಅವನಿಗೂ ಬಾಲನಟ ಪ್ರಶಸ್ತಿ ಬಂತು.

ನೋಡಿದಿರಾ? ಚೋಮ ದುಡಿ ಬಡಿದು ಸತ್ತ, ಹಲಗಿ ಹುಡುಗ ಜಬ್ಯಾ ಆಗಿ ಕೊನೆಗೆ ಕಲ್ಲು ಎತ್ತಿ ಬೀಸಿದ. ಆ ಕಲ್ಲು ನೇರ ನೋಡುವವರ ಮುಖಕ್ಕೇ ಬರುತ್ತದೆ. ನಡುವೆ 38 ವರ್ಷ. ಬದಲಾದದ್ದು ಕ್ಯಾಮೆರಾ ಹಿಂದೆ ನಿಂತವರು ಯಾರು ಅನ್ನೋದು.

ಅದಕ್ಕೇ ಗೆಳೆಯರೆ, ಸಿನೆಮಾ ಬಿಡ್ರಿ ಅಂತ ನಾವು ಹೇಳಲಿಕ್ಕೆ ಬಂದಿಲ್ಲ. ನೋಡ್ರಿ, ಸೀಟಿ ಹೊಡೀರಿ. ಆಮೇಲೆ ಮೂರು ಪ್ರಶ್ನೆ ಕೇಳ್ರಿ: ಬರೆದವರು ಯಾರು? ಬೆಳಕಿನಲ್ಲಿ ನಿಂತವರು ಯಾರು? ಪ್ರಶಸ್ತಿ ಮನೆಗೆ ಒಯ್ದವರು ಯಾರು? ತಿಂಗಳಿಗೊಂದು ಚಿತ್ರ ಕೂಡಿ ನೋಡಿ, ಒಬ್ಬೊಬ್ಬರು ಒಂದೊಂದು ಪುಟ ಬರೆಯಿರಿ. ಕೈಯಲ್ಲಿ ಮೊಬೈಲ್ ಅದ. ರಜೆಗೆ ಊರಿಗೆ ಹೋದಾಗ ಹಲಗಿ ಬಡಿಯುವ ಅಜ್ಜನ ಕೈ, ಕಬ್ಬಿನ ಗ್ಯಾಂಗಿನ ಅವ್ವನ ಮಾತು ಹಿಡಿದುಕೊಂಡು ಬರ್ರಿ. ಪ್ರಶಸ್ತಿ ಬರಲಿ, ಬಿಡಲಿ. ನಮ್ಮ ಕಥೆಯಲ್ಲಿ ನಾವು ಸಾಯಬೇಕೋ ಬದುಕಬೇಕೋ ಎಂಬುದನ್ನು ಇನ್ನು ಮುಂದೆ ನಾವು ಬರೆಯೋಣ.

ಜೈ ಭೀಮ್.