ಸೇತುವೆಗೆ ಯಾರ ಹೆಸರು?

ಹಾಸ್ಟೆಲಿನ ಗೆಳೆಯರೇ,

ಕಾಗವಾಡದಿಂದ ಮೀರಜ ದಾಟಿ ಸಾಂಗ್ಲಿಗೆ ಹೋದರೆ ಕೃಷ್ಣಾ ನದಿಗೆ 1929ರ ಹಳೇ ಸೇತುವೆ ಐತಿ. ಹೆಸರು ಆಯರ್ವಿನ್ ಪೂಲ್. ಆಯರ್ವಿನ್ ಅಂದ್ರ ಆಗಿನ ವೈಸ್‌ರಾಯ್. ಶ್ರೀರಂಗಪಟ್ಟಣದಾಗೂ ಹಂಗೇ: 1804ರ ಸೇತುವೆ ಕಟ್ಟಿಸಿದವರು ದಿವಾನ್ ಪೂರ್ಣಯ್ಯ, ಹೆಸರು ಗವರ್ನರ್ ಜನರಲ್ ವೆಲ್ಲೆಸ್ಲಿಯದು. ಆ ಕಲ್ಲುಕಂಬಗಳನ್ನು ಕಡಿದು ಹೊತ್ತವರು ಯಾರು?

ನಮ್ಮವರ ಹೆಸರು ಕಲ್ಲಿನ ಮೇಲೆ ಬಿದ್ದದ್ದು ಭೀಮಾ ಕೋರೆಗಾಂವದಲ್ಲಿ. 1818ರ ಜನವರಿ 1ರ ಕಾಳಗದಲ್ಲಿ ಸತ್ತ ಮಹಾರ ಸಿಪಾಯಿಗಳು, ಹೆಸರಿನ ಕೊನೆಗೆ 'ನಾಕ' ಇರುವವರು. ಕಂಬ ನೆಟ್ಟದ್ದು ಕಂಪನಿ, ತನ್ನ ಗೆಲುವಿಗಾಗಿ. ಅದನ್ನೂ ಮರೆಯೋದು ಬ್ಯಾಡ. ಮುಂದೆ ಬ್ರಿಟಿಷರೇ ಮಹಾರರನ್ನು ಸೈನ್ಯಕ್ಕೆ ಸೇರಿಸೋದು ನಿಲ್ಲಿಸಿದರು. 1925ರಲ್ಲಿ ನಮ್ಮ ನಿಪ್ಪಾಣಿಯ ಪರಿಷತ್ತಿಗೆ ಬಂದಿದ್ದ ಬಾಬಾಸಾಹೇಬರು 1927ರಲ್ಲಿ ಆ ಕಂಬದ ಮುಂದೆ ನಿಂತರು. ಆಗ ಅದು ನಮ್ಮದಾಯ್ತು.

ನಾಳೆ ನಮ್ಮ ಕೃಷ್ಣಾ, ದೂಧಗಂಗಾ ಸೇತುವೆಗಳಿಗೆ ಹೆಸರಿಡುವ ಮಾತು ಬಂದರೆ ನಾವೇನು ಕೊಡೋಣ? ಬರೇ ಘೋಷಣೆಯೇ? ಪುಢಾರಿಗಳ ಹತ್ತಿರ ಅವರಪ್ಪನ ಹೆಸರು ತಯಾರಿರ್ತೈತಿ. ಈ ರಜೆಗೆ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ನಿಮ್ಮೂರಿಗೆ ಹೋದಾಗ ಕೇರಿಯ ಮುದುಕರನ್ನ ಕೇಳ್ರಿ. ಸೈನ್ಯಕ್ಕೆ ಹೋದವರ ಪೂರಾ ಹೆಸರು, ರೆಜಿಮೆಂಟು, ಇಸವಿ ಬರಕೊಳ್ರಿ. ಸೇತುವೆ ಕೆಲಸಕ್ಕೆ ಬುಟ್ಟಿ ಹೊತ್ತ ಅವ್ವಂದಿರ ಹೆಸರೂ ಬಿಡಬ್ಯಾಡ್ರಿ. ನೋಟ್‌ಬುಕ್ಕಿನ ಹಿಂದಿನ ಹಾಳೆ ಸಾಕು. ಮುಂದಿನ ಸಭೆಗೆ ತರ್ರಿ.